ಕಲಘಟಗಿ ಸೀಮೆಯ ಸೆರೆಯಂಗಡಿ: ಮೂರು ಮುಚ್ಚುಗಡೆಗಳ ಚರಿತ್ರೆ

1. ಪ್ರವೇಶ

ಊರಿನ ಸಾರ್ವಜನಿಕ ಸ್ಥಳಗಳೆಂದರೆ ಗುಡಿ, ಮಠ, ಚಾವಡಿ, ಗರಡಿಮನೆ, ಅಗಸಿಯ ಕಟ್ಟೆ, ಸಂತೆಯ ಬಯಲು ಎಂಬ ತಿಳಿವಳಿಕೆ ಕನ್ನಡ ಸಂಸ್ಕೃತಿ ಅಧ್ಯಯನದಲ್ಲಿ ಗಟ್ಟಿಯಾಗಿ ನೆಲೆಗೊಂಡಿದೆ. ಜಾನಪದ ಸಂಗ್ರಹಕಾರರು, ಗ್ರಾಮ ಚರಿತ್ರೆಯ ಕೋಶಕಾರರು, ಭಾಷಾ ಸರ್ವೇಕ್ಷಕರು ಹೆಚ್ಚಾಗಿ ಈ ಸ್ಥಳಗಳಿಗೇ ಹೋದರು. ದಿನದ ದುಡಿಮೆ ಮುಗಿಸಿದ ಜನ ಸಂಜೆ ಕೂಡುತ್ತಿದ್ದ ಇನ್ನೊಂದು ಸ್ಥಳದ ಹೊಸಿಲನ್ನು ತುಳಿದವರು ಕಡಿಮೆ. ಅದು ಸೆರೆಯಂಗಡಿ. ಅದರ ಬಗ್ಗೆ ನೀತಿಬೋಧೆಯ ಬರವಣಿಗೆ ಬಹಳವಿದೆ, ಅಬಕಾರಿ ಇಲಾಖೆಯ ಲೆಕ್ಕಪತ್ರಗಳೂ ಬಹಳವಿವೆ. ಸಾಮಾಜಿಕ ಸಂಸ್ಥೆಯೆಂದು ಅದನ್ನು ನೋಡಿದ ಅಧ್ಯಯನ ವಿರಳ.

2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ರಾಜ್ಯದ ಪರವಾನಿಗೆಯಿದ್ದ ಸಾರಾಯಿ ಅಂಗಡಿಗಳೆಲ್ಲ ಒಂದೇ ದಿನ ಬಾಗಿಲು ಹಾಕಿದವು. ಧಾರವಾಡ ಜಿಲ್ಲೆಯ ಕಲಘಟಗಿ ಸೀಮೆಯ ಮಟ್ಟಿಗೆ ಇದು ಇಂಥ ಮೊದಲ ಘಟನೆಯಲ್ಲ. 1920 ಹಾಗೂ 1930ರ ದಶಕಗಳಲ್ಲಿ ರಾಷ್ಟ್ರೀಯ ಚಳವಳಿ ಈ ಅಂಗಡಿಯನ್ನು ಮುಚ್ಚಿಸಲು ಹೋರಾಡಿತ್ತು. 1950ರಲ್ಲಿ ಮುಂಬಯಿ ಸರ್ಕಾರದ ಕಾಯ್ದೆ ಅದನ್ನು ಮುಚ್ಚಿತ್ತು. ಮೊದಲನೆಯದು ಸತ್ಯಾಗ್ರಹದ ಮುಚ್ಚುಗಡೆ, ಎರಡನೆಯದು ಕಾನೂನಿನದು, ಮೂರನೆಯದು ಆಡಳಿತದ ನಿರ್ಧಾರದ್ದು. ಈ ಮೂರರ ಚರಿತ್ರೆಯನ್ನು ಪದಕೋಶ, ಸಾಹಿತ್ಯ ಹಾಗೂ ಶಾಸನಾತ್ಮಕ ಕ್ರಮಗಳ ಆಧಾರದಿಂದ ಒಟ್ಟಿಗೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಪ್ರತಿ ಸಲ ಮುಚ್ಚಿದ್ದು ಏನು, ಉಳಿದದ್ದು ಏನು, ಅದರ ಬೆಲೆಯನ್ನು ತೆತ್ತವರು ಯಾರು ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ.

2. ಪರಿಸರ ಮತ್ತು ಪದಾರ್ಥ

ಕಲಘಟಗಿ ಬಯಲುಸೀಮೆ ಮುಗಿದು ಮಲೆನಾಡು ಆರಂಭವಾಗುವ ಅಂಚಿನ ತಾಲೂಕು. ಪೂರ್ವಕ್ಕೆ ಹುಬ್ಬಳ್ಳಿಯ ಹತ್ತಿಯ ಪೇಟೆ, ಪಶ್ಚಿಮಕ್ಕೆ ಯಲ್ಲಾಪುರ, ಹಳಿಯಾಳಗಳ ಕಾಡು. ಹುಬ್ಬಳ್ಳಿಯಿಂದ ಅಂಕೋಲೆಗೆ ಘಟ್ಟ ಇಳಿಯುವ ಹೆದ್ದಾರಿ ಈ ಊರಿನ ಮೂಲಕವೇ ಹಾಯುತ್ತದೆ. ಭತ್ತದ ಗದ್ದೆ, ತಂಬೂರಿನ ಕೆರೆ, ಬಣ್ಣದ ಅರಗಿನ ತೊಟ್ಟಿಲುಗಳಿಂದ ಹೆಸರಾದ ಈ ಸೀಮೆಯಲ್ಲಿ ಒಕ್ಕಲುತನದ ಸಮುದಾಯಗಳ ಜೊತೆಗೆ ಲಂಬಾಣಿ ತಾಂಡಾಗಳು, ಗೌಳಿಗರ ದಡ್ಡಿಗಳು, ಸಿದ್ದಿಯರ ವಸತಿಗಳು ಇವೆ. ಕಾಡಿನ ದಿಮ್ಮಿ, ಇದ್ದಿಲು, ಭತ್ತ ಹೇರಿದ ಬಂಡಿಗಳು ಸಾಗುತ್ತಿದ್ದ ದಾರಿಯ ಊರಿನಲ್ಲಿ ಕುಡಿತದ ತಾಣವು ಊರವರಿಗಷ್ಟೇ ಅಲ್ಲದೆ ದಾರಿಕಾರರಿಗೂ ಸೇರಿದ್ದಾಗಿರುತ್ತದೆ.

ಮದ್ಯದ ಚರಿತ್ರೆಯಲ್ಲಿ ಎರಡು ಪದಾರ್ಥಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಒಂದು ಮರದಿಂದ ಇಳಿಸಿದ ಕಳ್ಳು. ಬಯಲಿನ ಹಳ್ಳದ ದಂಡೆಗಳಲ್ಲಿ ಈಚಲು, ಘಟ್ಟದ ಕಡೆಗೆ ಬಗನಿ ಇದರ ಮೂಲ. ರಾತ್ರಿಯಿಡೀ ಗಡಿಗೆಯಲ್ಲಿ ಸೋರಿದ ರಸ ಬೆಳಗಿನ ಹೊತ್ತು ಸಿಹಿಯಾದ ನೀರಾ. ಗಡಿಗೆಯ ಒಳಮೈಗೆ ಸುಣ್ಣ ಬಳಿದರೆ ಅದು ಹುಳಿಯದೆ ಉಳಿಯುತ್ತದೆ, ಬಳಿಯದಿದ್ದರೆ ಕೆಲವೇ ತಾಸುಗಳಲ್ಲಿ ಕಳ್ಳಾಗುತ್ತದೆ. ಮರುದಿನಕ್ಕೆ ಅದು ಕುಡಿಯಲಾರದಷ್ಟು ಹುಳಿಯಾಗುತ್ತದೆ. ಇನ್ನೊಂದು ಭಟ್ಟಿಯಿಳಿಸಿದ ಸಾರಾಯಿ. ಬೆಲ್ಲ, ಇಪ್ಪೆಹೂವು ಮೊದಲಾದವುಗಳ ಕೊಳೆಯಿಂದ ತೆಗೆದ ಇದು ಕೆಡುವುದಿಲ್ಲ, ಎಷ್ಟು ದೂರಕ್ಕಾದರೂ ಸಾಗುತ್ತದೆ, ಎಷ್ಟು ಕಾಲವಾದರೂ ಗೋದಾಮಿನಲ್ಲಿ ಉಳಿಯುತ್ತದೆ.

ಈ ಭೌತಿಕ ವ್ಯತ್ಯಾಸವೇ ಎರಡು ಬಗೆಯ ಅಂಗಡಿಗಳನ್ನು ರೂಪಿಸಿತು. ಕಳ್ಳು ಒಂದು ದಿನವೂ ಕಾಯದ್ದರಿಂದ ಅದರ ಅಂಗಡಿ ಮರದ ಸಮೀಪದಲ್ಲೇ ಇರಬೇಕಾಗುತ್ತದೆ, ಇಳಿಸುವವನು ಮತ್ತು ಕುಡಿಯುವವನು ಒಬ್ಬರಿಗೊಬ್ಬರು ಪರಿಚಿತರಾಗಿರುತ್ತಾರೆ. ಅದು ಸ್ವಭಾವದಿಂದಲೇ ಓಣಿಯ ಅಂಗಡಿ. ಸಾರಾಯಿಗೆ ಇಂಥ ನೆಲದ ನಂಟು ಬೇಕಿಲ್ಲ. ಒಂದು ಕಡೆ ತಯಾರಾಗಿ ನೂರು ಕಡೆ ಮಾರಾಟವಾಗಬಲ್ಲ ವಸ್ತುವನ್ನು ಅಳೆಯುವುದು, ಅದಕ್ಕೆ ಸುಂಕ ಹಾಕುವುದು ಸರ್ಕಾರಕ್ಕೆ ಸುಲಭ. ಕಳೆದ ಒಂದೂವರೆ ಶತಮಾನದ ಅಬಕಾರಿ ನೀತಿ ಕಳ್ಳಿನಿಂದ ಸಾರಾಯಿಗೆ, ಸಾರಾಯಿಯಿಂದ ಕಾರ್ಖಾನೆಯ ಮದ್ಯಕ್ಕೆ ಸರಿಯುತ್ತ ಬಂದುದರ ಒಂದು ಮುಖ್ಯ ಕಾರಣ ಇದೇ ಆಗಿದೆ.

3. ಪದಗಳ ಸಾಕ್ಷ್ಯ

ಈ ಪಲ್ಲಟವನ್ನು ಭಾಷೆ ತನ್ನೊಳಗೆ ದಾಖಲಿಸಿಕೊಂಡಿದೆ. ಮರಕ್ಕೆ ಸಂಬಂಧಿಸಿದ ಪದಗಳು ಬಹುಮಟ್ಟಿಗೆ ದೇಶ್ಯ. 'ಕಳ್' ದ್ರಾವಿಡ ಭಾಷೆಗಳ ಸಮಾನ ಆಸ್ತಿ. ತಮಿಳು, ಮಲಯಾಳಂ, ತೆಲುಗುಗಳಲ್ಲಿ ಅದೇ ರೂಪ ಉಂಟು. ಹೆಂಡ, ಈಚಲು, ಬಗನಿ, ಈಳಿಗ, ಈಡಿಗ ಎಂಬ ಪದಗಳೂ ನೆಲದವೇ. ಅಂಗಡಿ, ಆಡಳಿತ, ಲೆಕ್ಕಕ್ಕೆ ಸಂಬಂಧಿಸಿದ ಪದಗಳಾದರೋ ಹೊರಗಿನಿಂದ ಬಂದವು. 'ಅಬಕಾರಿ' ಪಾರ್ಸಿ ಮೂಲದ್ದು. 'ಆಬ್' ಎಂದರೆ ನೀರು, 'ಕಾರಿ' ಎಂದರೆ ಕಸುಬು. 'ಶಿಂದಿ', 'ಸೇಂದಿ' ರೂಪಗಳು ಈಚಲು ಮರಕ್ಕಿರುವ ಮರಾಠಿ ಹೆಸರಿನಿಂದ ಬಂದಿವೆ. ಧಾರವಾಡ ಕನ್ನಡದಲ್ಲಿ ಬಳಕೆಯಲ್ಲಿರುವ 'ದಾರು' ಪಾರ್ಸಿಯಲ್ಲಿ ಔಷಧವನ್ನು ಸೂಚಿಸುತ್ತದೆ. ಮದ್ಯ ಮಾರುವ ಕಸುಬಿನ 'ಕಲಾಲ' ಎಂಬ ಹೆಸರು ಉತ್ತರದ ಭಾಷೆಗಳಲ್ಲೂ ಹರಡಿದೆ.

ಅಂಗಡಿಯ ಹಕ್ಕನ್ನು ಕೊಡುವ ಕ್ರಮಕ್ಕೆ ಈ ಭಾಗದ ಜನ ಬಳಸುವ 'ಲಿಲಾವು' ಪೋರ್ತುಗೀಜ್ ಮೂಲದ ಪದವಾಗಿದ್ದು ಮರಾಠಿಯ ಮೂಲಕ ಬಂದಿದೆ. ಹಳೆಯ ಮೈಸೂರಿನವರು ಅದಕ್ಕೇ 'ಹರಾಜು' ಎನ್ನುತ್ತಾರೆ. ಹಕ್ಕು ಪಡೆಯುವುದು 'ಗುತ್ತಾ ಹಿಡಿಯುವುದು', ಸಾಲದ ಮೇಲೆ ಕುಡಿಯುವುದು 'ಉದ್ರಿ', ಕುಡಿತದ ಪರಿಣಾಮ 'ನಿಶಾ'. ಅಂಗಡಿಗೆ ಇರುವ ಹೆಸರುಗಳೂ ಪ್ರಾದೇಶಿಕವಾಗಿ ಬದಲಾಗುತ್ತವೆ. ಧಾರವಾಡದ ಕಡೆ ಸೆರೆಯಂಗಡಿ, ಸರಾಯಿ ಅಂಗಡಿ, ದಕ್ಷಿಣದಲ್ಲಿ ಹೆಂಡದಂಗಡಿ, ಪಡಖಾನೆ, ಮಲೆನಾಡಿನಲ್ಲಿ ಕಳ್ಳಂಗಡಿ, ಕರಾವಳಿಯಲ್ಲಿ ಗಡಂಗು.

ಎರಡು ಪದಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. 'ಅಮಲು' ಎಂಬುದು ಅರಬ್ಬಿ ಮೂಲದಿಂದ ಬಂದು ಕನ್ನಡದಲ್ಲಿ ಅಧಿಕಾರ ಮತ್ತು ಮತ್ತು ಎಂಬ ಎರಡೂ ಅರ್ಥಗಳಲ್ಲಿ ನೆಲೆಸಿದೆ. ಅಮಲ್ದಾರನ ಅಮಲೂ ಕುಡುಕನ ಅಮಲೂ ಪದದ ಮಟ್ಟಿಗೆ ಒಂದೇ. 'ಸೆರೆ' ಎಂಬುದು ಈ ಸೀಮೆಯ ಆಡುಮಾತಿನಲ್ಲಿ ಮದ್ಯವೂ ಹೌದು, ಬಂಧನವೂ ಹೌದು. ಇವು ಬೇರೆ ಬೇರೆ ಮೂಲದ ಪದಗಳಿರಬಹುದಾದರೂ ಕೇಳುವ ಕಿವಿಗೆ ಎರಡೂ ಅರ್ಥ ಒಟ್ಟಿಗೇ ಒದಗುತ್ತವೆ. ಆಳುವವರಿಗೆ ವರಮಾನ, ಕುಡಿಯುವವನಿಗೆ ಬಿಡುವು, ಮನೆಯವರಿಗೆ ಬಂಧನ ಎಂಬ ಮೂರು ಮುಖಗಳು ಈ ಎರಡು ಪದಗಳಲ್ಲೇ ಅಡಗಿವೆ.

'ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡವೆನ್ನುತ್ತಾರೆ' ಎಂಬ ಗಾದೆಯನ್ನು ಸಾಮಾನ್ಯವಾಗಿ ಸಹವಾಸದೋಷದ ಎಚ್ಚರಿಕೆಯಾಗಿ ಓದಲಾಗುತ್ತದೆ. ಸ್ಥಳದ ದೃಷ್ಟಿಯಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಮರದ ಬುಡವೇ ಅಂಗಡಿಯಾಗಿದ್ದ, ಕುಡಿತ ಎಲ್ಲರ ಕಣ್ಣೆದುರಿಗೆ ನಡೆಯುತ್ತಿದ್ದ ಕಾಲದ ಗಾದೆ ಅದು. ಕುಡಿಯುವವನ ಮೇಲೆ ಊರಿನ ಕಣ್ಣಿತ್ತು ಎಂಬುದು ಅದರ ಹಿಂದಿನ ಸತ್ಯ. ಮುಂದಿನ ಮುಚ್ಚುಗಡೆಗಳಲ್ಲಿ ಮೊದಲು ಇಲ್ಲವಾದದ್ದು ಈ ಕಣ್ಣು.

4. ಸಾಹಿತ್ಯದ ಸಾಕ್ಷ್ಯ

ಕನ್ನಡ ಸಾಹಿತ್ಯ ಪಾನದ ವಿಷಯದಲ್ಲಿ ಆರಂಭದಿಂದಲೂ ಮೌನವಾಗಿಲ್ಲ. ಪಂಪನ 'ವಿಕ್ರಮಾರ್ಜುನ ವಿಜಯ'ದ ಪಾನಗೋಷ್ಠಿಯ ವರ್ಣನೆ ಇದಕ್ಕೆ ಪ್ರಸಿದ್ಧ ನಿದರ್ಶನ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಜಿನವಲ್ಲಭನ ಶಾಸನ ತಿಳಿಸುತ್ತದೆ. ಇಂದಿನ ಧಾರವಾಡ ಜಿಲ್ಲೆಯ ನೆಲದ ನಂಟಿದ್ದ ಈ ಜೈನಕವಿ ಪಾನವನ್ನು ನಗರ ಜೀವನದ ಒಂದು ದೃಶ್ಯವಾಗಿ, ನೀತಿಯ ಅವಸರವಿಲ್ಲದೆ ಬಣ್ಣಿಸಿದ್ದಾನೆ. ಅಲ್ಲಿ ಕುಡಿತ ಒಂದು ಗೋಷ್ಠಿ; ಅದಕ್ಕೆ ಸ್ಥಳವಿದೆ, ಕ್ರಮವಿದೆ, ಮಾತಿದೆ.

ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯನ ವಿಷಯ ಇದಕ್ಕಿಂತ ಸಂಕೀರ್ಣವಾದುದು. ಹೆಂಡ ಮಾರುವುದನ್ನೇ ಕಾಯಕ ಮಾಡಿಕೊಂಡಿದ್ದ ಈ ಶರಣನ ವಚನಗಳ ಅಂಕಿತ 'ಧರ್ಮೇಶ್ವರಲಿಂಗ'. ಮದ್ಯವನ್ನು ನಿಷೇಧಿಸುವ ಆಚಾರ ಮತ್ತು ಎಲ್ಲ ಕಾಯಕಕ್ಕೂ ಗೌರವ ಕೊಡುವ ತತ್ವ ಇವೆರಡರ ನಡುವಿನ ಇಕ್ಕಟ್ಟು ಅವನ ಹೆಸರಿನಲ್ಲೇ ಇದೆ. ಅವನು ಅಂಗಡಿಗೆ ಬಂದವರಿಗೆ ಕುಡಿತದ ಕೇಡನ್ನು ತಿಳಿಹೇಳುತ್ತಿದ್ದನೆಂಬ ಐತಿಹ್ಯ ಈ ಇಕ್ಕಟ್ಟನ್ನು ಬಿಡಿಸಲು ಪರಂಪರೆ ಕಂಡುಕೊಂಡ ದಾರಿಯೆನ್ನಬಹುದು. ಅವನ ವಚನಗಳಲ್ಲಿ ಹೆಂಡದ ಪರಿಭಾಷೆ ಅನುಭಾವದ ಪರಿಭಾಷೆಯಾಗಿ ತಿರುಗುತ್ತದೆ. ಕಸುಬಿನವನ ಹೆಸರನ್ನು ಅಳಿಸದೆ ಅವನನ್ನು ಶರಣರ ಸಾಲಿನಲ್ಲಿ ಉಳಿಸಿಕೊಂಡದ್ದು ಚಳವಳಿಯ ಒಂದು ಮುಖ್ಯ ನಿಲುವು. ಮುಂದಿನ ಶತಮಾನಗಳ ಮದ್ಯವಿರೋಧ ಈ ಔದಾರ್ಯವನ್ನು ಉಳಿಸಿಕೊಂಡಿತೆಂದು ಹೇಳಲಾಗದು.

ಆಧುನಿಕ ಸಾಹಿತ್ಯದಲ್ಲಿ 1930ರ ದಶಕ ಈ ದೃಷ್ಟಿಯಿಂದ ಮಹತ್ವದ್ದು. ಜಿ.ಪಿ. ರಾಜರತ್ನಂ ಅವರ ರತ್ನ ಹೆಂಡದಂಗಡಿಯ ಮಾತನ್ನೇ ಕಾವ್ಯದ ಭಾಷೆಯನ್ನಾಗಿಸಿದ. ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ (1933) ಕಳ್ಳು ದುಡಿದರೂ ನೆಲ ಸಿಗದವನ ದಿನದ ಕೊನೆಯ ಆಸರೆ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯಲ್ಲಿ (1936) ಕಳ್ಳು ಇಳಿಸುವವನೂ ಕಳ್ಳಂಗಡಿಯೂ ಮಲೆನಾಡಿನ ಸಾಮಾಜಿಕ ಶ್ರೇಣಿಯ ಅವಿಭಾಜ್ಯ ಭಾಗ. ಈ ಮೂರು ಕೃತಿಗಳು ಬಂದದ್ದು ಮದ್ಯವಿರೋಧಿ ಚಳವಳಿ ತೀವ್ರವಾಗಿದ್ದ ದಶಕದಲ್ಲೇ ಎಂಬುದು ಗಮನಾರ್ಹ. ಚಳವಳಿ ಅಂಗಡಿಯ ಬಾಗಿಲಲ್ಲಿ ನಿಂತಾಗ ಸಾಹಿತ್ಯ ಒಳಗೆ ಹೋಗಿ ನೋಡಿತು. ಹಳೆಯ ಮೈಸೂರು, ಮಲೆನಾಡು, ಕರಾವಳಿಗಳಿಗೆ ಹೀಗೆ ಒಂದೊಂದು ದಾಖಲೆ ಸಿಕ್ಕಿತು. ಧಾರವಾಡ ಸೀಮೆಯ ಸೆರೆಯಂಗಡಿಗೆ ಅಷ್ಟೇ ಪ್ರಸಿದ್ಧವಾದ ಸಾಹಿತ್ಯಕ ಪ್ರತಿನಿಧಿ ದೊರೆಯಲಿಲ್ಲ. ಅದರ ಬದಲು ಆ ಸೀಮೆಗೆ ಸಿಕ್ಕಿದ್ದು ಒಂದು ಹುತಾತ್ಮ ಸ್ಮಾರಕ.

5. ಮರದಿಂದ ಲಿಲಾವಿಗೆ

1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡು ಧಾರವಾಡ ಪ್ರದೇಶ ಕಂಪನಿ ಸರ್ಕಾರದ ವಶವಾಯಿತು. ಮದ್ಯದ ಹಕ್ಕನ್ನು ಗುತ್ತಿಗೆಗೆ ಕೊಡುವ ಪದ್ಧತಿ ಹಿಂದಿನಿಂದಲೂ ಇತ್ತು. ಅದನ್ನು ಬಿಗಿಯಾದ ಆಡಳಿತವಾಗಿ ಮಾಡಿದ್ದು 1878ರ ಮುಂಬಯಿ ಅಬಕಾರಿ ಕಾಯ್ದೆ. ಇಳಿಸುವ ಮರಕ್ಕೆ ಕರ, ಇಳಿಸಲು ಪರವಾನಿಗೆ, ಮಾರಲು ಗುತ್ತಿಗೆ, ಭಟ್ಟಿಗೆ ಸರ್ಕಾರದ ಮೇಲ್ವಿಚಾರಣೆ ಎಂಬ ನಾಲ್ಕು ಕಟ್ಟುಗಳಲ್ಲಿ ಈ ಕಸುಬು ಸಿಕ್ಕಿತು. ಚದುರಿಹೋಗಿದ್ದ ಸಣ್ಣ ಭಟ್ಟಿಗಳ ಬದಲು ಕೇಂದ್ರ ಭಟ್ಟಿಗಳು ಬಂದವು. ಮರಗರ ಏರಿದಾಗ ಕೊಂಕಣದ ಭಂಡಾರಿಗಳು 1880ರ ದಶಕದಲ್ಲಿ ಮರ ಇಳಿಸುವುದನ್ನೇ ನಿಲ್ಲಿಸಿ ಪ್ರತಿಭಟಿಸಿದರು.

ಈ ಕಾಯ್ದೆಯ ಪರಿಣಾಮ ಸೂಕ್ಷ್ಮವಾದುದು. ಅಂಗಡಿ ಯಾರದು ಎಂಬ ಪ್ರಶ್ನೆಗೆ ಹಿಂದೆ ಕಸುಬಿನವನ ಹೆಸರು ಉತ್ತರವಾಗಿತ್ತು. ಈಗ ಲಿಲಾವಿನಲ್ಲಿ ಹೆಚ್ಚು ಕೂಗಿದವನ ಹೆಸರು ಉತ್ತರವಾಯಿತು. ಮರ ಹತ್ತುವವನು ಗುತ್ತೇದಾರನ ಕೂಲಿಯಾದ. ಗುತ್ತೇದಾರ ಒಂದು ವರ್ಷದ ಅವಧಿಯಲ್ಲಿ ಕೊಟ್ಟ ಹಣ ಹಿಂಪಡೆಯಬೇಕಾದ್ದರಿಂದ ಹೆಚ್ಚು ಮಾರುವುದು ಅವನ ಧರ್ಮವಾಯಿತು. ಉದ್ರಿ ಬೆಳೆಯಿತು. ಮನೆಯ ಕಾಳು, ಹೆಂಡತಿಯ ಒಡವೆ, ಸುಗ್ಗಿಯ ಕೂಲಿ ಅಂಗಡಿಯ ಲೆಕ್ಕಕ್ಕೆ ಸೇರತೊಡಗಿದವು. ಮುಂದಿನ ಮದ್ಯವಿರೋಧಿ ಚಳವಳಿಗಳು ಎದುರಿಸಿದ್ದು ಪ್ರಾಚೀನವಾದ ಹೆಂಡದಂಗಡಿಯನ್ನಲ್ಲ, ವಸಾಹತುಶಾಹಿ ವರಮಾನ ವ್ಯವಸ್ಥೆ ರೂಪಿಸಿದ ಈ ಗುತ್ತಿಗೆಯ ಅಂಗಡಿಯನ್ನು. ಆದರೆ ಚಳವಳಿಯ ಭಾಷೆಯಲ್ಲಿ ಈ ಎರಡೂ ಒಂದೇ ಆಗಿ ಹೋದವು.

6. ಮೊದಲ ಮುಚ್ಚುಗಡೆ: ಬಾಗಿಲ ಮುಂದಿನ ಸತ್ಯಾಗ್ರಹ

ಅಸಹಕಾರ ಚಳವಳಿಯ ಕಾಲದಲ್ಲಿ ಮದ್ಯದಂಗಡಿಗಳ ಮುಂದಿನ ಪಿಕೆಟಿಂಗ್ ಧಾರವಾಡ ಜಿಲ್ಲೆಯಲ್ಲಿ ಮುಖ್ಯ ಕಾರ್ಯಕ್ರಮವಾಯಿತು. 1921ರ ಜುಲೈ 1ರಂದು ಧಾರವಾಡದ ಮದ್ಯದಂಗಡಿಯೊಂದರ ಬಳಿ ಸೇರಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಖಿಲಾಫತ್ ಚಳವಳಿಯ ಮೂವರು ಪ್ರಾಣ ತೆತ್ತರು. ನಗರದ ಜಕಣಿ ಬಾವಿಯ ಸ್ಮಾರಕ ಈ ಬಲಿದಾನದ ನೆನಪಾಗಿ ನಿಂತಿದೆ. ಹಿಂದೂ ಮುಸ್ಲಿಮರು ಒಟ್ಟಾಗಿ ಮದ್ಯವನ್ನು ವಿರೋಧಿಸಿದ ಈ ಘಟನೆ ಕರ್ನಾಟಕದ ಸ್ವಾತಂತ್ರ್ಯ ಹೋರಾಟದಲ್ಲಿ ಸ್ಮರಣೀಯವಾದುದು. 1930ರ ಕಾಯ್ದೆಭಂಗ ಚಳವಳಿಯಲ್ಲಿ ಈಚಲು ಮರ ಕಡಿಯುವುದೂ ಸತ್ಯಾಗ್ರಹದ ಒಂದು ರೂಪವಾಯಿತು.

ಅಂಗಡಿಯ ಬಾಗಿಲಲ್ಲಿ ನಿಲ್ಲುವುದಕ್ಕೂ ಮರ ಕಡಿಯುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಗುತ್ತೇದಾರನಿಗೂ ಸರ್ಕಾರಕ್ಕೂ ಕೊಟ್ಟ ಪೆಟ್ಟು. ಎರಡನೆಯದು ಅದರ ಜೊತೆಗೆ ಮರ ಇಳಿಸುವವನ ಅನ್ನಕ್ಕೂ ಬಿದ್ದ ಕೊಡಲಿ. ಸ್ವಾತಂತ್ರ್ಯ ಹೋರಾಟದ ಚರಿತ್ರೆಯಲ್ಲಿ ಕೊಡಲಿ ಹಿಡಿದವರ ಹೆಸರುಗಳು ಉಳಿದಿವೆ, ಮರ ಕಳೆದುಕೊಂಡವರ ಹೆಸರುಗಳು ಉಳಿದಿಲ್ಲ. ಚಳವಳಿಯ ನೈತಿಕ ಬಲವನ್ನು ಒಪ್ಪಿಕೊಂಡೇ ಈ ಅಸಮತೆಯನ್ನು ಗುರುತಿಸಬೇಕಾಗುತ್ತದೆ.

ಇನ್ನೊಂದು ಸಂಗತಿ ಅಧ್ಯಾಪಕ ಸಮುದಾಯಕ್ಕೆ ನೇರವಾಗಿ ಸಂಬಂಧಿಸಿದೆ. 1919ರ ಸುಧಾರಣೆಗಳ ಬಳಿಕ ಶಿಕ್ಷಣ ಪ್ರಾಂತ್ಯಗಳ ಮಂತ್ರಿಗಳ ಹೊಣೆಯಾಯಿತು, ಪ್ರಾಂತ್ಯದ ವರಮಾನದಲ್ಲಿ ಅಬಕಾರಿಯ ಪಾಲು ದೊಡ್ಡದಾಗಿತ್ತು. ಮದ್ಯ ನಿಂತರೆ ಶಾಲೆ ನಡೆಯುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಬಂದಾಗ ಗಾಂಧೀಜಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದರು. ಮದ್ಯದ ಹಣದಿಂದ ಮಕ್ಕಳಿಗೆ ಅಕ್ಷರ ಕಲಿಸುವುದು ಸಲ್ಲದೆಂಬ ಅವರ ನಿಲುವು ದುಡಿಮೆಯ ಮೂಲಕ ಕಲಿಕೆಯ ವಿಚಾರಕ್ಕೆ ಒಂದು ಪ್ರೇರಣೆಯಾಯಿತು. ಕುಡಿಯುವವನ ಕಾಸಿನಿಂದ ಮಾಸ್ತರನ ಪಗಾರ ಎಂಬ ಈ ನಂಟು ಇಂದಿಗೂ ಕಡಿದಿಲ್ಲ.

7. ಎರಡನೆಯ ಮುಚ್ಚುಗಡೆ: ಕಾಯ್ದೆಯ ಹದಿನೇಳು ವರ್ಷ

ಸಂವಿಧಾನದ 47ನೆಯ ವಿಧಿ ಪಾನನಿರೋಧವನ್ನು ರಾಜ್ಯದ ಗುರಿಗಳಲ್ಲಿ ಒಂದೆಂದು ಸೇರಿಸಿತು. ಮುಂಬಯಿ ಸರ್ಕಾರ 1949ರ ಪಾನನಿರೋಧ ಕಾಯ್ದೆಯನ್ನು ತಂದು 1950ರಲ್ಲಿ ಪೂರ್ಣ ಪಾನನಿರೋಧವನ್ನು ಜಾರಿಗೊಳಿಸಿತು. ಧಾರವಾಡ ಜಿಲ್ಲೆ ಆಗ ಮುಂಬಯಿ ರಾಜ್ಯದಲ್ಲಿದ್ದುದರಿಂದ ಕಲಘಟಗಿಯ ಅಂಗಡಿಯೂ ಮುಚ್ಚಿತು. ಇಲ್ಲಿ ಕಳ್ಳು, ಸಾರಾಯಿ, ವಿಲಾಯಿತಿ ಮದ್ಯ ಎಂಬ ಭೇದವಿರಲಿಲ್ಲ. ಕಾಯ್ದೆಯ ಕೆಲವು ಭಾಗಗಳನ್ನು 1951ರಲ್ಲಿ ಬಲ್ಸಾರಾ ಪ್ರಕರಣದ ತೀರ್ಪು ಅಸಿಂಧುಗೊಳಿಸಿದರೂ ಮೂಲ ನಿಷೇಧ ಉಳಿಯಿತು. 1956ರ ನವೆಂಬರ್ 1ರಂದು ಧಾರವಾಡ ವಿಶಾಲ ಮೈಸೂರಿಗೆ ಸೇರಿದ ಮೇಲೂ ಈ ಭಾಗದಲ್ಲಿ ನಿಷೇಧ ಮುಂದುವರಿಯಿತು.

ಪರವಾನಿಗೆಯ ಅಂಗಡಿ ಹೋದ ಮೇಲೆ ಕುಡಿತ ಹೋಗಲಿಲ್ಲ. ಅದು ಕಣ್ಣಿಗೆ ಕಾಣದ ಕಡೆಗೆ ಸರಿಯಿತು. ಹಳ್ಳದ ಪೊದೆ, ಕಾಡಿನ ಅಂಚು, ತಾಂಡಾದ ಹಿತ್ತಿಲು ಭಟ್ಟಿಯ ತಾಣಗಳಾದವು. 'ಕಳ್ಳಭಟ್ಟಿ' ಎಂಬ ಸಮಾಸ ಈ ಪರಿಸ್ಥಿತಿಯನ್ನು ಒಂದೇ ಪದದಲ್ಲಿ ಹೇಳುತ್ತದೆ. ಘಟ್ಟದ ಆಚೆಗಿನ ಗೋವೆ 1961ರ ಡಿಸೆಂಬರಿನವರೆಗೆ ಪೋರ್ತುಗೀಜರ ಆಳ್ವಿಕೆಯಲ್ಲಿದ್ದುದರಿಂದ ಅಲ್ಲಿ ಮದ್ಯಕ್ಕೆ ಇಂಥ ತಡೆಯಿರಲಿಲ್ಲ. ಕಾಡಿನ ಅಂಚಿನ ತಾಲೂಕಿಗೆ ಈ ಭೂಗೋಳದ ಅರ್ಥ ಏನೆಂದು ವಿವರಿಸಬೇಕಾಗಿಲ್ಲ.

ಈ ಅವಧಿಯ ದೊಡ್ಡ ಪರಿಣಾಮ ಸಾಮಾಜಿಕವಾದುದು. ಕೆಲವು ಸಮುದಾಯಗಳ ಆಚರಣೆಗಳಲ್ಲಿ ಮದ್ಯಕ್ಕೆ ಸ್ಥಾನವಿದೆ. ಸಿದ್ದಿಯರ ಹಿರಿಯರ ಪೂಜೆ, ಹಲವು ಗ್ರಾಮದೇವತೆಗಳ ಹರಕೆ, ಸತ್ತವರಿಗೆ ಇಡುವ ಎಡೆ ಇದಕ್ಕೆ ಉದಾಹರಣೆಗಳು. ಮದ್ಯವನ್ನು ಆಚಾರದಿಂದಲೇ ದೂರವಿಟ್ಟ ಸಮುದಾಯಗಳಿಗೆ ಕಾಯ್ದೆಯಿಂದ ಏನೂ ಬದಲಾಗಲಿಲ್ಲ. ಎಡೆಯಲ್ಲಿ ಅದನ್ನು ಇಡುತ್ತಿದ್ದವರಿಗೆ ತಮ್ಮ ಆಚರಣೆಯೇ ಅಪರಾಧವಾಯಿತು.

1967ರಲ್ಲಿ ಮೈಸೂರು ರಾಜ್ಯ ಪಾನನಿರೋಧವನ್ನು ಕೈಬಿಟ್ಟಿತು. 1965ರ ಅಬಕಾರಿ ಕಾಯ್ದೆಯ ಆಧಾರದ ಮೇಲೆ ಗುತ್ತಿಗೆಯ ಅಂಗಡಿಗಳು ಮರಳಿದವು. ಆಗಿನ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು 1939ರಲ್ಲಿ ಚಿತ್ರದುರ್ಗ ಜಿಲ್ಲೆಯ ತುರುವನೂರಿನ ಈಚಲು ಮರ ಕಡಿಯುವ ಸತ್ಯಾಗ್ರಹದಲ್ಲಿ ಪಾಲ್ಗೊಂಡಿದ್ದವರು ಎಂಬುದು ಚರಿತ್ರೆಯ ವಿಪರ್ಯಾಸ. ಇದನ್ನು ವ್ಯಕ್ತಿಯ ನಿಲುವಿನ ಬದಲಾವಣೆಯೆಂದಷ್ಟೇ ಓದುವುದು ಸರಿಯಾಗದು. ಹೋರಾಟಗಾರನ ಸ್ಥಾನದಿಂದ ಆಡಳಿತಗಾರನ ಸ್ಥಾನಕ್ಕೆ ಬಂದಾಗ ಅಬಕಾರಿ ವರಮಾನ ಎಷ್ಟು ಬೇರೆಯಾಗಿ ಕಾಣುತ್ತದೆಂಬುದಕ್ಕೆ ಅದು ಸಾಕ್ಷಿ.

8. ಮೂರನೆಯ ಮುಚ್ಚುಗಡೆ: ಪಾಕೀಟು ಮತ್ತು ಬಾಗಿಲು

1967ರ ಬಳಿಕ ಮರಳಿದ ಅಂಗಡಿ ಮುಖ್ಯವಾಗಿ ಸಾರಾಯಿಯದು. ವರ್ಷವ್ಯವಸ್ಥೆಯ ಲಿಲಾವು, ದೊಡ್ಡ ಗುತ್ತೇದಾರ, ಅವನ ಕೈಕೆಳಗಿನ ಊರೂರ ಅಂಗಡಿ ಎಂಬ ಏಣಿ ಸಿದ್ಧವಾಯಿತು. ಹಾಗಿದ್ದರೂ ಅಂಗಡಿ ಕೂಡುವ ಸ್ಥಳವಾಗಿ ಉಳಿದಿತ್ತು. ಅಳತೆಯ ಪಾತ್ರೆಯಿಂದ ಸುರಿದದ್ದನ್ನು ಅಲ್ಲೇ ಕುಳಿತು ಕುಡಿಯಬೇಕಿತ್ತು. ಪಕ್ಕದಲ್ಲಿ ಕಡಲೆ, ಮಿರ್ಚಿ, ಮೀನು ಮಾರುವ ಹೆಂಗಸರ ಸಣ್ಣ ವ್ಯಾಪಾರ ನಡೆಯುತ್ತಿತ್ತು.

1990ರ ದಶಕದಲ್ಲಿ ಬಂದ ಪ್ಲಾಸ್ಟಿಕ್ ಪಾಕೀಟು ಈ ವ್ಯವಸ್ಥೆಯನ್ನು ಒಳಗಿನಿಂದಲೇ ಬದಲಿಸಿತು. ಕಲಬೆರಕೆ ತಡೆಯಲು, ಅಳತೆ ಖಚಿತವಾಗಿರಲು ಪಾಕೀಟು ಒಳ್ಳೆಯ ಉಪಾಯವೆನಿಸಿತ್ತು. ಆದರೆ ಅಂಗಿಯ ಕಿಸೆಯಲ್ಲಿ ಹಿಡಿಸುವ ಸಾರಾಯಿಗೆ ಅಂಗಡಿ ಬೇಕಿರಲಿಲ್ಲ. ಅದು ಕಿರಾಣಿ ಅಂಗಡಿಗೆ, ಹೊಲದ ಬದುವಿಗೆ, ಮನೆಯ ಹಿತ್ತಿಲಿಗೆ ಬಂತು. ಕುಳಿತು ಕುಡಿಯುವ ಸ್ಥಳವನ್ನು ಕಾಯ್ದೆಗಿಂತ ಮೊದಲೇ ಮುಚ್ಚಿದ್ದು ಪಾಕೀಟು. ಇದೇ ಕಾಲದಲ್ಲಿ ಕಳ್ಳಿನ ಕಸುಬೂ ಕುಗ್ಗಿತು. 2004ರ ಹೊತ್ತಿಗೆ ಕರಾವಳಿಯನ್ನು ಬಿಟ್ಟು ರಾಜ್ಯದ ಬಹುಭಾಗದಲ್ಲಿ ಸೇಂದಿಗೆ ತಡೆ ಬಿದ್ದಿತು.

ಸಾರಾಯಿಯ ವಿರುದ್ಧ ಹೆಂಗಸರ ಪ್ರತಿರೋಧ ದಕ್ಷಿಣ ಭಾರತದಲ್ಲೆಲ್ಲ ಬೆಳೆಯುತ್ತಿತ್ತು. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಿಂದ ಎದ್ದ ಹೋರಾಟ ಇಡೀ ರಾಜ್ಯವನ್ನು ಆವರಿಸಿತು. ಕೇರಳ 1996ರಲ್ಲಿ ಸಾರಾಯಿ ನಿಷೇಧಿಸಿ ಕಳ್ಳನ್ನು ಉಳಿಸಿಕೊಂಡಿತು. ಕರ್ನಾಟಕದಲ್ಲಿ ಎಚ್.ಡಿ. ಕುಮಾರಸ್ವಾಮಿಯವರ ನೇತೃತ್ವದ ಸಮ್ಮಿಶ್ರ ಸರ್ಕಾರ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಅಬಕಾರಿ ವರ್ಷ ಜುಲೈಯಿಂದ ಜೂನ್‌ವರೆಗೆ ಇರುವುದರಿಂದ ಗುತ್ತಿಗೆಯ ಅವಧಿ ಮುಗಿದ ಮರುದಿನವೇ ನಿಷೇಧ ಬಂದಿತು. ಧಾರವಾಡದಲ್ಲಿ ಮೂವರು ಪ್ರಾಣ ತೆತ್ತು ಆ ದಿನಕ್ಕೆ 86 ವರ್ಷ ತುಂಬಿದ್ದವು. ಇದು ಕೇವಲ ಕಾಕತಾಳೀಯ. ಆದರೆ 1921ರವರು ಬಯಸಿದ್ದೇ 2007ರಲ್ಲಿ ಕೈಗೂಡಿತೇ ಎಂಬ ಪ್ರಶ್ನೆಯನ್ನು ಈ ದಿನಾಂಕ ಒಡ್ಡುತ್ತದೆ.

ಉತ್ತರ ಅಷ್ಟು ಸರಳವಲ್ಲ. ನಿಷೇಧಿತವಾದದ್ದು ಬಡವರ ಮದ್ಯ; ಕಾರ್ಖಾನೆಯ ವಿಸ್ಕಿ, ರಮ್ಮು, ಬ್ರಾಂದಿಗಳು ಉಳಿದವು. ಸಾರಾಯಿ ಕುಡಿಯುತ್ತಿದ್ದವರಲ್ಲಿ ಬಹುಮಂದಿ ಹೆಚ್ಚು ಬೆಲೆಯ ಈ ಮದ್ಯಗಳಿಗೆ ತಿರುಗಿದರು. ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಮಳಿಗೆಗಳು ಮುಂದೆ ತಾಲೂಕುಗಳಿಗೂ ಬಂದವು. 2008ರ ಮೇ ತಿಂಗಳಿನಲ್ಲಿ ಕರ್ನಾಟಕ, ತಮಿಳುನಾಡುಗಳ ಗಡಿಭಾಗದಲ್ಲಿ ವಿಷಮದ್ಯ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2016ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೆದ್ದಾರಿಯಿಂದ 500 ಮೀಟರಿನೊಳಗಿನ ಮದ್ಯದಂಗಡಿಗಳನ್ನು ತೆರವುಗೊಳಿಸಲು ಹೇಳಿ, ಮುಂದಿನ ವರ್ಷ ಆ ಆದೇಶವನ್ನು ಸಡಿಲಗೊಳಿಸಿತು. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ನಡೆದು ಮದ್ಯನಿಷೇಧ ಕೇಳಿದರು. ಹಳ್ಳಿಯ ಕಿರಾಣಿ ಅಂಗಡಿಗಳಲ್ಲಿ ಪರವಾನಿಗೆಯಿಲ್ಲದೆ ಮದ್ಯ ಸಿಗುತ್ತದೆಂಬುದು ಅವರ ಮುಖ್ಯ ದೂರುಗಳಲ್ಲಿ ಒಂದಾಗಿತ್ತು. ಅಂಗಡಿ ಮುಚ್ಚಿ ಹನ್ನೊಂದೂವರೆ ವರ್ಷಗಳಾದರೂ ಅವರ ಮನೆಯ ಕಷ್ಟ ಮುಗಿದಿರಲಿಲ್ಲ.

9. ಸ್ಥಳವೆಂಬ ಪ್ರಶ್ನೆ

ಮನೆ ಮತ್ತು ದುಡಿಮೆಯ ಜಾಗಗಳ ಆಚೆಗೆ ಜನ ಸಲೀಸಾಗಿ ಕೂಡುವ ತಾಣವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ 'ಮೂರನೆಯ ಸ್ಥಳ' ಎಂದು ಕರೆದ. ಇಂಗ್ಲೆಂಡಿನ ಓಣಿಯ ಪಬ್ಬುಗಳ ಬಗ್ಗೆ ಅದಕ್ಕಿಂತ ಹಿಂದೆ, 1943ರಲ್ಲೇ, ಮಾಸ್ ಅಬ್ಸರ್ವೇಶನ್ ಸಂಸ್ಥೆ ಬೋಲ್ಟನ್ ಪಟ್ಟಣದ ವಿಸ್ತಾರವಾದ ಅಧ್ಯಯನವನ್ನು ಪ್ರಕಟಿಸಿತ್ತು. ಅಲ್ಲಿ ಪಬ್ಬು ಮುಚ್ಚಿದರೆ ಓಣಿಯ ಜನ ಅದನ್ನು ಉಳಿಸಲು ಸಭೆ ಸೇರುತ್ತಾರೆ. ಇಲ್ಲಿ ಸೆರೆಯಂಗಡಿ ಮುಚ್ಚಿದಾಗ ಓಣಿಯ ಹೆಂಗಸರು ನಿಟ್ಟುಸಿರು ಬಿಟ್ಟರು. ಈ ವ್ಯತ್ಯಾಸವನ್ನು ಮರೆತು ಪಶ್ಚಿಮದ ಪರಿಕಲ್ಪನೆಯನ್ನು ಹಾಗೆಯೇ ತಂದು ಕೂರಿಸಿದರೆ ಅದು ಗಂಡಸರ ಹಂಬಲಿಕೆಯಾಗುತ್ತದೆ. ಅಂಗಡಿಯ ಒಳಗಿನ ಸಲುಗೆಗೆ ಹಣ ಬಂದದ್ದು ಮನೆಯ ಅಡುಗೆಯಿಂದ. ಅಲ್ಲಿ ಕುಳಿತವರ ಹಾಡು, ಒಗಟು, ಜಗಳ, ರಾಜಿಗಳನ್ನು ಸಂಗ್ರಹಿಸುವ ಸಂಶೋಧಕ ಅದೇ ಸಂಜೆ ಮನೆಯಲ್ಲಿ ಹೊತ್ತದ ಒಲೆಯನ್ನೂ ದಾಖಲಿಸಬೇಕಾಗುತ್ತದೆ.

ಹಾಗೆಂದು ಸ್ಥಳದ ನಷ್ಟವೇನೂ ಆಗಿಲ್ಲ ಎನ್ನಲಾಗದು. ದಿನಗೂಲಿಯವನಿಗೆ ಗುಡಿಯ ಕಟ್ಟೆಯಲ್ಲಿ, ಚಾವಡಿಯಲ್ಲಿ ಸಮನಾಗಿ ಕೂರುವ ಹಕ್ಕು ಇರಲಿಲ್ಲ. ಸೆರೆಯಂಗಡಿಯೂ ಜಾತಿಯಿಂದ ಮುಕ್ತವಾಗಿರಲಿಲ್ಲವಾದರೂ ಅಲ್ಲಿ ಅವನು ಗಿರಾಕಿಯಾಗಿದ್ದ, ಅವನ ಮಾತಿಗೆ ಕೇಳುಗರಿದ್ದರು. ಆ ಸ್ಥಳ ಹೋದ ಮೇಲೆ ಅವನಿಗೆ ಬೇರೆ ಸ್ಥಳ ಸಿಗಲಿಲ್ಲ. ಬಾಟಲಿ ಮಾತ್ರ ಸಿಕ್ಕಿತು. ಕುಡಿತ ಸಾರ್ವಜನಿಕ ಸ್ಥಳದಿಂದ ಮನೆಯೊಳಗೆ ಬಂದಾಗ ಅದರ ಹಿಂಸೆಯೂ ಮನೆಯೊಳಗೆ ಬಂತು. ಊರಿನ ಕಣ್ಣಿನಿಂದ ತಪ್ಪಿಸಿಕೊಂಡ ಕುಡಿತ ಹೆಂಗಸರಿಗೆ ಹೆಚ್ಚು ಅಪಾಯಕಾರಿಯಾಯಿತು. ಅಂಗಡಿ ಇದ್ದಾಗ ಕಷ್ಟಪಟ್ಟವರೂ ಅವರೇ, ಅಂಗಡಿ ಹೋದ ಮೇಲೆ ಕಷ್ಟಪಟ್ಟವರೂ ಅವರೇ.

10. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಮೂರೂ ಮುಚ್ಚುಗಡೆಗಳು ಅಂಗಡಿಯನ್ನು ಗುರಿಯಾಗಿಸಿಕೊಂಡವು, ಆದರೆ ಪ್ರತಿ ಸಲವೂ ಇಲ್ಲವಾದದ್ದು ಕಸುಬಿನವನ ಹಕ್ಕು ಮತ್ತು ಕೂಡುವ ಸ್ಥಳ. ಉಳಿದದ್ದು ಮದ್ಯ ಮತ್ತು ಅದರ ವರಮಾನ. ಮರದಿಂದ ಪಾಕೀಟಿಗೆ, ಪಾಕೀಟಿನಿಂದ ಬಾಟಲಿಗೆ ಸಾಗಿದ ಹಾದಿಯಲ್ಲಿ ಕುಡಿಯುವವನು ಊರಿನಿಂದ ದೂರವಾದ, ಸರ್ಕಾರ ಅವನಿಗೆ ಹತ್ತಿರವಾಯಿತು. ಸತ್ಯಾಗ್ರಹಿಗಳ ತ್ಯಾಗದ ಬೆಲೆಯನ್ನು ಈ ಮಾತು ಕುಗ್ಗಿಸುವುದಿಲ್ಲ. ಅವರು ಎದುರಿಸಿದ್ದು ಬಡವನ ಕಾಸಿನಿಂದ ನಡೆಯುವ ಆಡಳಿತವನ್ನು. ಆ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿದೆ.

ಕನ್ನಡ ವಿಭಾಗಗಳ ಮುಂದೆ ಒಂದು ತುರ್ತಿನ ಕೆಲಸವೂ ಇದೆ. ಮರ ಇಳಿಸುವವರ ಉಪಕರಣ, ಗಡಿಗೆ, ಅಳತೆಗಳ ಹೆಸರುಗಳು. ಹುಳಿಯ ಹಂತಗಳನ್ನು ಗುರುತಿಸುವ ಮಾತುಗಳು. ಅಂಗಡಿಯ ಲೆಕ್ಕದ ಪರಿಭಾಷೆ. ಕುಡಿತದ ವಿರುದ್ಧ ಹೆಂಗಸರು ಬೀಸುವ ಕಲ್ಲಿನ ಮುಂದೆ ಕಟ್ಟಿದ ಹಾಡುಗಳು ಇವೆಲ್ಲವೂ ಹಿರಿಯ ತಲೆಮಾರಿನ ನೆನಪಿನಲ್ಲಿ ಮಾತ್ರ ಉಳಿದಿವೆ. ಕಲಘಟಗಿಯಂಥ ಅಂಚಿನ ತಾಲೂಕಿನಲ್ಲಿ ಬಯಲಿನ ಪದಕೋಶವೂ ಮಲೆನಾಡಿನ ಪದಕೋಶವೂ ಒಂದೆಡೆ ಸಿಗುವ ಸಾಧ್ಯತೆ ಹೆಚ್ಚು. ಕ್ಷೇತ್ರಕಾರ್ಯ ಕೈಗೊಳ್ಳುವವರು ಅಂಗಡಿಯ ಒಳಗಿನವರನ್ನೂ ಹೊರಗೆ ಕಾಯುತ್ತಿದ್ದವರನ್ನೂ ಒಟ್ಟಿಗೆ ಮಾತನಾಡಿಸಬೇಕು. ಕಸುಬಿನ ಹೆಸರಿನೊಡನೆಯೇ ಹೆಂಡದ ಮಾರಯ್ಯನನ್ನು ಉಳಿಸಿಕೊಂಡ ಪರಂಪರೆ ಕನ್ನಡದ್ದು. ಆ ಕಸುಬಿನ ಮಾತುಗಳನ್ನು ನೀತಿಯ ಅಂಜಿಕೆಯಿಂದ ಕೋಶದ ಹೊರಗಿಡುವುದು ಆ ಪರಂಪರೆಗೆ ತಕ್ಕುದಲ್ಲ.